ಮೊದಲ ಮೆಟ್ಟಿಲು ಕೊಲ್ಹಾಪುರದಲ್ಲಿದೆ

2025ರ ಮೇ 24, ಶನಿವಾರ. ಬೆಂಗಳೂರಿನ ಕುಶ್ ಮೈನಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅಲ್ಲಿ ಆ ಮಟ್ಟದ ರೇಸ್ ಗೆದ್ದ ಮೊದಲ ಭಾರತೀಯ ಎಂಬ ಸುದ್ದಿ, ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಜಾಗವೇ ಕೊಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹರಿದಾಡಿತು. ಅದಾದ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಈ ವಿಷಯದ ಬಗ್ಗೆ ನಾಲ್ಕು ಸಾಲು ಗೀಚುವ ನನ್ನಂಥವರಿಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ: “ನಮ್ಮ ಹುಡುಗಾನೂ ಗಾಡಿ ಭಾಳ ಚಲೋ ಹೊಡಿತಾನ್ರಿ ಸರ. ರೇಸಿಗೆ ಹಾಕಬೇಕಂದ್ರ ಯಾರನ್ನ ಭೆಟ್ಟಿ ಆಗಬೇಕು?” ಹುಡುಗನ ವಯಸ್ಸು ವಿಚಾರಿಸಿದರೆ ಹತ್ತೊಂಬತ್ತೋ ಇಪ್ಪತ್ತೋ ಇರುತ್ತದೆ. ಕಾಲೇಜು, ಕೈಯಲ್ಲಿ ಅಪ್ಪನ ಕಾರು, ರಾತ್ರಿ ಹೊತ್ತು ಬೈಪಾಸ್. ಉತ್ತರ ನನಗೆ ಗೊತ್ತು, ಹೇಳಲು ಬಾಯಿ ಬರುವುದಿಲ್ಲ ಅಷ್ಟೆ. ಹತ್ತು ವರ್ಷ ತಡವಾಗಿದೆ.

ಸಿಂಗಲ್ ಸೀಟರ್ ಎಂದರೆ ಒಬ್ಬರೇ ಕೂರುವ, ನಾಲ್ಕೂ ಚಕ್ರ ಮೈಯಿಂದ ಹೊರಕ್ಕೆ ಚಾಚಿರುವ ಕಾರು. ಟಿವಿಯಲ್ಲಿ ಕಾಣುವ ಫಾರ್ಮುಲಾ 1 ಅದರ ತುತ್ತತುದಿ. ಅದರ ಕೆಳಗೆ ಫಾರ್ಮುಲಾ 2, ಅದರ ಕೆಳಗೆ ಫಾರ್ಮುಲಾ 3, ಆಮೇಲೆ ಪ್ರಾದೇಶಿಕ ಫಾರ್ಮುಲಾ ಸರಣಿಗಳು, ಆಮೇಲೆ ಫಾರ್ಮುಲಾ 4, ಎಲ್ಲಕ್ಕಿಂತ ಕೆಳಗೆ ಕಾರ್ಟ್. ಫಾರ್ಮುಲಾ 4 ಕಾರು ಹತ್ತಲು 15 ವರ್ಷ ತುಂಬಿರಬೇಕು. ಕಾರ್ಟ್ ರೇಸುಗಳಲ್ಲಿ ಏಳೆಂಟು ವರ್ಷದವರಿಗೇ ಒಂದು ವಿಭಾಗವಿದೆ. ಅಂದರೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಹುಡುಗನ ಲೆಕ್ಕದಲ್ಲಿ ಏಳೆಂಟು ವರ್ಷದ ರೇಸಿಂಗ್ ಜಮೆಯಾಗಿರಬೇಕು. ಫಾರ್ಮುಲಾ 4ರ ಎಂಜಿನ್ ಸುಮಾರು 160ರಿಂದ 180 ಅಶ್ವಶಕ್ತಿಯದು. ಫಾರ್ಮುಲಾ 3ರದು 380, ಫಾರ್ಮುಲಾ 2ರದು 620. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನೇ ರೇಸ್ ಟ್ರ್ಯಾಕಿನ ನೇರ ದಾರಿ ಎಂದುಕೊಳ್ಳಿ. ಗಂಟೆಗೆ 240 ಕಿ.ಮೀ. ಮುಟ್ಟುವ ಫಾರ್ಮುಲಾ 4 ಕಾರು ತನ್ನ ಪೂರ್ಣ ವೇಗದಲ್ಲಿ ಅದನ್ನು 23 ಸೆಕೆಂಡಿನೊಳಗೆ ದಾಟುತ್ತದೆ, 335 ಕಿ.ಮೀ. ವೇಗದ ಫಾರ್ಮುಲಾ 2 ಕಾರಿಗೆ ಸುಮಾರು 16 ಸೆಕೆಂಡು ಸಾಕು. ಈ ಆರೇಳು ಸೆಕೆಂಡಿನ ಅಂತರಕ್ಕೆ ಎಷ್ಟು ಕೋಟಿ ಬೀಳುತ್ತದೆ ಎಂಬುದನ್ನು ಮುಂದೆ ನೋಡೋಣ.

ಕಾರ್ಟ್ ಎಂದರೆ ಮಾಲ್‌ಗಳ ಪಕ್ಕದಲ್ಲಿ ಹತ್ತು ನಿಮಿಷಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಓಡಿಸುವ ಆಟಿಕೆ ಎಂಬ ಭಾವನೆ ನಮ್ಮಲ್ಲಿದೆ. ರೇಸ್ ಕಾರ್ಟ್‌ನ ಹತ್ತಿರ ಹೋಗಿ ಬಗ್ಗಿ ನೋಡಬೇಕು. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಕಾರ್ಟ್ ತಿರುಗಲೊಲ್ಲದೆ ನೇರ ಹೋಗಲು ಹಟ ಹಿಡಿಯುತ್ತದೆ. ಒಳಬದಿಯ ಹಿಂದಿನ ಚಕ್ರ ಕ್ಷಣಹೊತ್ತು ನೆಲ ಬಿಟ್ಟು ಎದ್ದರೆ ಮಾತ್ರ ಅದು ಸಲೀಸಾಗಿ ತಿರುಗುತ್ತದೆ. ಬ್ರೇಕ್ ಬಿಡುವ ಹೊತ್ತು, ಸ್ಟೀರಿಂಗ್ ಎಳೆಯುವ ರಭಸ, ಚಾಸಿ ಬಾಗುವ ಬಗೆ, ಕೂತವರ ಮೈತೂಕ ಎಲ್ಲ ಕೂಡಿಬಂದಾಗ ಆ ಚಕ್ರ ಏಳುತ್ತದೆ. ತಡವಾಗಿ ಕೆಳಗಿಳಿದರೆ ವೇಗ ಸತ್ತಿರುತ್ತದೆ. ಏಳು ವರ್ಷದ ಮಗುವಿಗೆ ಇದನ್ನು ಯಾರೂ ಭೌತಶಾಸ್ತ್ರದ ಪಾಠವಾಗಿ ಹೇಳಿಕೊಡುವುದಿಲ್ಲ. ಬೆನ್ನಿಗೂ ಸೊಂಟಕ್ಕೂ ತಾನಾಗಿ ತಿಳಿಯುತ್ತದೆ. ಇಪ್ಪತ್ತರ ಹುಡುಗ ಬೈಪಾಸಿನಲ್ಲಿ ಎಷ್ಟೇ ಜೋರಾಗಿ ಹೋದರೂ ಈ ಅರಿವು ಅಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ಪೊಲೀಸರ ನೋಟಿಸು, ಕೆಲವೊಮ್ಮೆ ಕಿಮ್ಸ್ ಆಸ್ಪತ್ರೆಯ ಹಾಸಿಗೆ.

ಈಗ ಮೈನಿ ಮನೆತನದ ಕಥೆಗೆ ಬರೋಣ. ಕರ್ನಾಟಕದಲ್ಲಿ ಈ ಏಣಿಯನ್ನು ಇಷ್ಟು ಎತ್ತರ ಹತ್ತಿದ ಉದಾಹರಣೆ ಇನ್ನೊಂದಿಲ್ಲ, ಅದೂ ಒಂದೇ ಮನೆಯ ಇಬ್ಬರು. ತಂದೆ ಗೌತಮ್ ಮೈನಿ ತಾವೇ ರೇಸ್ ಕಾರು ಓಡಿಸಿದವರು. ಚಿಕ್ಕಪ್ಪ ಚೇತನ್ ಮೈನಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೆಂಗಳೂರಿನ ರಸ್ತೆಗೆ ಇಳಿಸಿದವರು. ಮನೆಯಲ್ಲಿ ಬಿಡಿಭಾಗಗಳ ಉದ್ಯಮ, ಊರಲ್ಲಿ ಕಾರ್ಟ್ ಟ್ರ್ಯಾಕು. ಇಷ್ಟು ಅನುಕೂಲ ಇಟ್ಟುಕೊಂಡು ಹೊರಟ ಹುಡುಗರಿಗೂ ದಾರಿ ಎಷ್ಟು ಕಡಿದು ಎಂಬುದೇ ಇಲ್ಲಿ ನೋಡಬೇಕಾದ್ದು.

ಅಣ್ಣ ಅರ್ಜುನ್ ಮೈನಿ ಹುಟ್ಟಿದ್ದು 1997ರ ಡಿಸೆಂಬರಿನಲ್ಲಿ. 2011ರಲ್ಲಿ ಫೋರ್ಸ್ ಇಂಡಿಯಾ ತಂಡ ‘ಒನ್ ಫ್ರಮ್ ಎ ಬಿಲಿಯನ್’ ಹೆಸರಲ್ಲಿ ದೇಶದಾದ್ಯಂತ ನಡೆಸಿದ ಪ್ರತಿಭಾ ಶೋಧದಲ್ಲಿ ಆರಿಸಿ ಬಂದ ಮೂವರಲ್ಲಿ ಅವರೊಬ್ಬರು. ಮುಂಬಯಿಯ ಜೆಹಾನ್ ದಾರೂವಾಲಾ ಇನ್ನೊಬ್ಬರು. 2014ರಲ್ಲಿ ಅರ್ಜುನ್ ಇಂಗ್ಲೆಂಡಿಗೆ ಹೋಗಿ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಓಡಿಸಿದರು. ಚಾಂಪಿಯನ್‌ಷಿಪ್ ಕೊನೆಯ ರೇಸಿನವರೆಗೆ ಎಳೆಯಿತು. ಮೂರೇ ಮೂರು ಅಂಕಗಳಲ್ಲಿ ಅರ್ಜುನ್ ಎರಡನೆಯವರಾದರು. ಗೆದ್ದ ಹುಡುಗನ ಹೆಸರು ಜಾರ್ಜ್ ರಸೆಲ್.

ಹೌದು, ಇವತ್ತು ಮರ್ಸಿಡಿಸ್ ಫಾರ್ಮುಲಾ 1 ಕಾರಿನಲ್ಲಿ ಕೂರುವ ಅದೇ ರಸೆಲ್. ಹದಿನಾರರ ವಯಸ್ಸಿನಲ್ಲಿ ಮೂರು ಅಂಕದಷ್ಟು ಹತ್ತಿರ ಇದ್ದವರು ಮುಂದೆ ಹೇಗೆ ಬೇರಾದರು? 2017ರಲ್ಲಿ ಇಬ್ಬರೂ, ಇಂದಿನ ಫಾರ್ಮುಲಾ 3ರ ಜಾಗದಲ್ಲಿ ಆಗ ಇದ್ದ ಜಿಪಿ3 ಸರಣಿಯಲ್ಲಿದ್ದರು. ರಸೆಲ್ ಆ ಹೊತ್ತಿಗೆ ಮರ್ಸಿಡಿಸ್‌ನ ಕಿರಿಯರ ಪಟ್ಟಿ ಸೇರಿದ್ದರು, ಓಡಿಸಿದ್ದು ಎಆರ್‌ಟಿ ತಂಡಕ್ಕೆ, ಅಂದಿನ ಅತ್ಯಂತ ಬಲಿಷ್ಠ ತಂಡಕ್ಕೆ. ಅರ್ಜುನ್ ಇದ್ದದ್ದು ಜೆಂಜರ್ ಎಂಬ ಸ್ವಿಟ್ಜರ್ಲೆಂಡಿನ ಸಣ್ಣ ತಂಡದಲ್ಲಿ. ಅಷ್ಟರಲ್ಲೂ ಬಾರ್ಸಿಲೋನಾದಲ್ಲಿ ಒಂದು ರೇಸ್ ಗೆದ್ದು, ಜಿಪಿ3 ಗೆದ್ದ ಮೊದಲ ಭಾರತೀಯ ಎನಿಸಿಕೊಂಡರು. ಚಾಂಪಿಯನ್ ಆದದ್ದು ಮಾತ್ರ ರಸೆಲ್. ಮರುವರ್ಷ ಇಬ್ಬರೂ ಫಾರ್ಮುಲಾ 2ಕ್ಕೆ ಏರಿದರು. ರಸೆಲ್ ಅಲ್ಲೂ ಚಾಂಪಿಯನ್; ಟ್ರೈಡೆಂಟ್ ತಂಡದ ಅರ್ಜುನ್ ಪಟ್ಟಿಯ ಕೆಳಭಾಗದಲ್ಲಿ ಉಳಿದರು. ರಸೆಲ್ ಹೆಚ್ಚು ಗಟ್ಟಿಗ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಮೂರು ಅಂಕದ ಅಂತರ ನಾಲ್ಕು ವರ್ಷದಲ್ಲಿ ಇಷ್ಟು ಹಿಗ್ಗಿದ್ದನ್ನು ಪ್ರತಿಭೆಯೊಂದರಿಂದಲೇ ವಿವರಿಸಲು ನನಗಾಗುವುದಿಲ್ಲ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಡಲ್ಲಾರಾ ಚಾಸಿ, ಒಂದೇ ಮೆಕಾಕ್ರೋಮ್ ಎಂಜಿನ್, ಒಂದೇ ಪಿರೆಲ್ಲಿ ಟೈರು. ಹಾಗಿದ್ದ ಮೇಲೆ ತಂಡ ಯಾವುದಾದರೇನು? ರೇಸ್ ವಾರಾಂತ್ಯದಲ್ಲಿ ಅಭ್ಯಾಸಕ್ಕೆ ಸಿಗುವುದು 45 ನಿಮಿಷದ ಒಂದೇ ಒಂದು ಅವಧಿ; ಆಮೇಲೆ ಅರ್ಧ ಗಂಟೆಯ ಅರ್ಹತಾ ಸುತ್ತು. ಇದರ ಹೊರತು ಟ್ರ್ಯಾಕಿನಲ್ಲಿ ಓಡಿಸಿ ಕಲಿಯುವ ಅವಕಾಶ ವರ್ಷಕ್ಕೆ ಬೆರಳೆಣಿಕೆಯ ಟೆಸ್ಟ್ ದಿನಗಳಷ್ಟೆ. ಹಾಗಾಗಿ ರೇಸಿಗೆ ಬರುವ ಮುಂಚೆಯೇ ಕಾರಿನ ಸೆಟಪ್ ಮುಕ್ಕಾಲು ಪಾಲು ಸರಿಯಿರಬೇಕು. ಟೈರು ಎಷ್ಟು ಬಿಸಿಯಾದಾಗ ಹಿಡಿತ ಕೊಡುತ್ತದೆ, ಯಾವ ಸುತ್ತಿನಲ್ಲಿ ಕೈಕೊಡುತ್ತದೆ ಎಂಬ ಹಳೆಯ ವರ್ಷಗಳ ಲೆಕ್ಕ ಯಾರ ಕಪಾಟಿನಲ್ಲಿದೆಯೋ ಅವರೇ ಮುಂದಿರುತ್ತಾರೆ. ಒಳ್ಳೆಯ ಎಂಜಿನಿಯರು, ಒಳ್ಳೆಯ ಸಿಮ್ಯುಲೇಟರು ಇರುವ ತಂಡ ತನ್ನ ಸೀಟಿಗೆ ಹೆಚ್ಚು ದುಡ್ಡು ಕೇಳುತ್ತದೆ. ಸೀಟಿಗೆ ದುಡ್ಡು ಎಂದರೆ ಹೊಸಬರಿಗೆ ಅಚ್ಚರಿಯಾಗಬಹುದು. ಈ ಏಣಿಯಲ್ಲಿ ಚಾಲಕನಿಗೆ ಸಂಬಳ ಇಲ್ಲ. ಓಡಿಸುವವನೇ ತಂಡಕ್ಕೆ ಕಟ್ಟಬೇಕು, ಇಲ್ಲವೇ ಕಟ್ಟುವವರನ್ನು ಹುಡುಕಬೇಕು.

ಎಷ್ಟು ಕಟ್ಟಬೇಕು? ಬಲ್ಲವರು ಕೊಡುವ ಅಂದಾಜಿನ ಪ್ರಕಾರ ಯುರೋಪಿನ ಫಾರ್ಮುಲಾ 4ರ ಒಂದು ಋತುವಿಗೇ ಕೆಲವು ಲಕ್ಷ ಯೂರೋ ಬೇಕು. ಫಾರ್ಮುಲಾ 3ಕ್ಕೆ ಹತ್ತು ಲಕ್ಷ ಯೂರೋಗೂ ಮೇಲೆ. ಫಾರ್ಮುಲಾ 2ರಲ್ಲಿ ಒಂದು ವರ್ಷದ ಒಳ್ಳೆಯ ಸೀಟಿಗೆ ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಕೋಟಿಯ ಆಸುಪಾಸು. ಫ್ರಾನ್ಸಿನ ಎಸ್ತೆಬಾನ್ ಒಕಾನ್‌ನ ತಂದೆ-ತಾಯಿ ಮಗನ ರೇಸಿಗಾಗಿ ಮನೆ ಮಾರಿ ಕ್ಯಾರವಾನ್‌ನಲ್ಲಿ ದಿನ ಕಳೆದರು. ಅದನ್ನು ಛಲದ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ಮನೆ ಮಾರಿಯೂ ಸಾಲದೆ ಹಿಂದೆ ಸರಿದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಅಂಥವರ ಹೆಸರು ನಮಗೆ ಗೊತ್ತಾಗುವುದೂ ಇಲ್ಲ.

ತಮ್ಮ ಕುಶ್ ಮೈನಿ 2000ದ ಸೆಪ್ಟೆಂಬರಿನಲ್ಲಿ ಹುಟ್ಟಿದವರು. 2016ರಲ್ಲಿ ಇಟಲಿಯ ಫಾರ್ಮುಲಾ 4, 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಮೂರನೆಯ ಸ್ಥಾನ, 2020ರಲ್ಲಿ ಅದೇ ಸರಣಿಯಲ್ಲಿ ಎರಡನೆಯ ಸ್ಥಾನ, 2022ರಲ್ಲಿ ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಫಾರ್ಮುಲಾ 3, 2023ರಲ್ಲಿ ಕಾಂಪೋಸ್ ತಂಡದೊಂದಿಗೆ ಫಾರ್ಮುಲಾ 2. ಅದೇ ವರ್ಷ ಆಲ್ಪೈನ್ ಫಾರ್ಮುಲಾ 1 ತಂಡ ಅವರನ್ನು ತನ್ನ ಅಕಾಡೆಮಿಗೆ ಸೇರಿಸಿಕೊಂಡಿತು. 2024ರಲ್ಲಿ ಇನ್ವಿಕ್ಟಾ ತಂಡಕ್ಕೆ ಬಂದರು. ಈ ಒಂದು ವರ್ಷವನ್ನು ಹತ್ತಿರದಿಂದ ನೋಡಿದರೆ ಇಡೀ ಆಟದ ಗುಣ ಗೊತ್ತಾಗುತ್ತದೆ.

ಋತುವಿನ ಮೊದಲ ರೇಸ್ ಬಹ್ರೇನಿನಲ್ಲಿ. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗದ ಸಮಯ ಕುಶ್‌ರದು. ಸಂಜೆ ಅಧಿಕಾರಿಗಳು ಕಾರು ಅಳೆದರು, ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲ, ಸಮಯ ರದ್ದಾಯಿತು. ಮೊದಲ ಸಾಲು ಹೋಗಿ ಕೊನೆಯ ಸಾಲು ಬಂತು. ಜುಲೈನಲ್ಲಿ ಹಂಗೆರಿಯ ಸ್ಪ್ರಿಂಟ್‌ನಲ್ಲಿ ಕುಶ್ ಎರಡನೆಯವರಾಗಿ ಗೆರೆ ದಾಟಿದರು. ಮೊದಲು ಬಂದ ರಿಚರ್ಡ್ ವರ್ಷೂರ್‌ರ ಕಾರು ಪರೀಕ್ಷೆಯಲ್ಲಿ ಅನರ್ಹವಾಗಿ, ಗೆಲುವು ಕುಶ್‌ರ ಪಾಲಾಯಿತು. ಫಾರ್ಮುಲಾ 2ರಲ್ಲಿ ಅವರ ಮೊದಲ ಗೆಲುವು ಬಂದದ್ದು ಹೀಗೆ. ಅಳತೆಪಟ್ಟಿ ಒಮ್ಮೆ ಕಿತ್ತುಕೊಂಡಿತು, ಇನ್ನೊಮ್ಮೆ ಕೊಟ್ಟಿತು. ವರ್ಷದ ಕೊನೆಗೆ ಕುಶ್ 13ನೇ ಸ್ಥಾನದಲ್ಲಿದ್ದರು. ಅದೇ ತಂಡದ, ಪಕ್ಕದ ಗ್ಯಾರೇಜಿನ, ಅದೇ ಬಣ್ಣದ ಕಾರು ಓಡಿಸಿದ ಬ್ರೆಜಿಲ್‌ನ ಗೇಬ್ರಿಯಲ್ ಬೋರ್ಟೊಲೆಟೊ ಚಾಂಪಿಯನ್ ಆಗಿ ನೇರ ಫಾರ್ಮುಲಾ 1ಕ್ಕೆ ಹೋದರು. ಅಣ್ಣನ ವಿಷಯದಲ್ಲಿ ತಂಡವನ್ನು ದೂರಿದ ನಾನು ಇಲ್ಲಿ ಅದೇ ಮಾತು ಹೇಳಲು ಬರುವುದಿಲ್ಲ. ಒಂದೇ ಕಾರು ಕೊಟ್ಟಾಗ ಬೋರ್ಟೊಲೆಟೊ ವಾರದಿಂದ ವಾರಕ್ಕೆ ಅಂಕ ಕೂಡಿಹಾಕಿದರು, ಕುಶ್ ಕೆಲವು ದಿನ ಮಿಂಚಿದರು.

ಮಿಂಚುವುದಕ್ಕೂ ಕೂಡಿಹಾಕುವುದಕ್ಕೂ ಇರುವ ವ್ಯತ್ಯಾಸ ಮೊನಾಕೊದ ಗೆಲುವಿನಲ್ಲೂ ಇದೆ, ಅದನ್ನು ಹೇಳದೆ ಬಿಟ್ಟರೆ ಓದುಗರಿಗೆ ಮೋಸ. ಫಾರ್ಮುಲಾ 2ರಲ್ಲಿ ವಾರಾಂತ್ಯಕ್ಕೆ ಎರಡು ರೇಸ್. ಶನಿವಾರದ ಸಣ್ಣ ರೇಸಿಗೆ ಅರ್ಹತೆಯ ಮೊದಲ ಹತ್ತು ಸ್ಥಾನಗಳನ್ನು ತಿರುವುಮುರುವು ಮಾಡುತ್ತಾರೆ. ಹತ್ತನೆಯವರು ಮೊದಲ ಜಾಗದಿಂದ ಹೊರಡುತ್ತಾರೆ. ಕಿರಿಯರಿಗೆ ಹಿಂದಿನಿಂದ ಮುಂದಕ್ಕೆ ನುಗ್ಗುವ ರೂಢಿಯಾಗಲಿ, ನೋಡುವವರಿಗೆ ರಂಜನೆ ಇರಲಿ ಎಂಬ ಲೆಕ್ಕ. ಗೆದ್ದರೆ 10 ಅಂಕ. ಭಾನುವಾರದ ದೊಡ್ಡ ರೇಸಿಗೆ 25. ಕುಶ್ ಆ ಶನಿವಾರ ಹೊರಟದ್ದು ಹೀಗೆ ಬಂದ ಮೊದಲ ಜಾಗದಿಂದ. ಮೊನಾಕೊದ ಕಿರಿದಾದ ಬೀದಿಗಳಲ್ಲಿ ಎದುರಿನವರನ್ನು ದಾಟುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗಂತ ಗೆಲುವು ಪುಕ್ಕಟೆ ಬಂತೆಂದಲ್ಲ. ಎರಡೂ ಕಡೆ ಗೋಡೆ, ಬೆನ್ನಿಗೆ ಇಡೀ ಸಾಲು ಇಟ್ಟುಕೊಂಡು ಒಂದೂ ತಪ್ಪಿಲ್ಲದೆ ಕೊನೆ ಮುಟ್ಟಿಸುವುದಕ್ಕೆ ಎದೆ ಬೇಕು. ‘ಇನ್ನೇನು ಫಾರ್ಮುಲಾ 1’ ಎಂಬ ತಲೆಬರಹಕ್ಕೆ ಮಾತ್ರ ಅದು ಆಧಾರವಾಗುವುದಿಲ್ಲ.

ಏಕೆಂದರೆ ಫಾರ್ಮುಲಾ 1 ಓಡಿಸಲು ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ಋತುಗಳಲ್ಲಿ 40 ಅಂಕ ಕೂಡಿಸಬೇಕು. ಈ ಅಂಕ ಕೊಡುವುದು ಒಂದು ರೇಸಿನ ಗೆಲುವಿಗಲ್ಲ, ವರ್ಷದ ಕೊನೆಯ ಸ್ಥಾನಕ್ಕೆ. ಫಾರ್ಮುಲಾ 2ರಲ್ಲಿ ಮೊದಲ ಮೂವರಿಗೆ ತಲಾ 40, ನಾಲ್ಕನೆಯವರಿಗೆ 30, ಐದನೆಯವರಿಗೆ 20. ಹೀಗೆ ಇಳಿಯುತ್ತ ಹತ್ತನೆಯವರಿಗೆ 3. ಹನ್ನೊಂದನೆಯವರಿಗೆ ಸೊನ್ನೆ. ಕುಶ್ 2023ರಲ್ಲಿ 11ನೆಯವರು, 2024ರಲ್ಲಿ 13ನೆಯವರು. ಫಾರ್ಮುಲಾ 4ರ ರಾಷ್ಟ್ರೀಯ ಚಾಂಪಿಯನ್‌ಗೆ ಸಿಗುವುದು 12 ಅಂಕ. ನಮ್ಮ ಹುಡುಗ ಭಾರತದ ಫಾರ್ಮುಲಾ 4 ಗೆದ್ದರೂ ಇನ್ನೂ 28 ಉಳಿಯುತ್ತದೆ, ಅದು ವಿದೇಶದಲ್ಲೇ ಗಳಿಸಬೇಕಾದದ್ದು.

ಸರಿ, 40 ಅಂಕ ಬಂತು ಅನ್ನಿ. ಆಗಲಾದರೂ ಸೀಟು ಖಾತ್ರಿಯೇ? ಬ್ರೆಜಿಲ್‌ನ ಫೆಲಿಪೆ ಡ್ರುಗೊವಿಚ್‌ನನ್ನು ಕೇಳಬೇಕು. 2017-18ರ ಚಳಿಗಾಲದ ಎಂಆರ್‌ಎಫ್ ಚಾಲೆಂಜ್ ಗೆದ್ದ ಹುಡುಗ ಅವನು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕು ಅವನಿಗೆ ಗೊತ್ತು. ಯುರೋಪಿನಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಓಡಿಸಲು ಟ್ರ್ಯಾಕು ಹುಡುಕಿ ಅಲ್ಲಿನ ಹುಡುಗರು ಈ ಕಡೆ ಬರುತ್ತಿದ್ದರು; ಮೈಕೆಲ್ ಶುಮಾಕರ್ ಮಗ ಮಿಕ್ ಕೂಡ ಹಾಗೆ ಬಂದವನೇ. ಡ್ರುಗೊವಿಚ್ 2022ರಲ್ಲಿ ಫಾರ್ಮುಲಾ 2 ಚಾಂಪಿಯನ್ ಆದ. ಆ ವರ್ಷ ಅವನಿಗೆ ಸಿಕ್ಕಿದ್ದು ಆಸ್ಟನ್ ಮಾರ್ಟಿನ್‌ನ ಮೀಸಲು ಚಾಲಕನ ಕುರ್ಚಿ. ವರ್ಷಗಟ್ಟಲೆ ಕಾದು ಕೊನೆಗೆ ಫಾರ್ಮುಲಾ ಇ ಕಡೆ ಹೊರಳಿದ. ಫಾರ್ಮುಲಾ 1ರಲ್ಲಿ ಇರುವುದೇ ಇಪ್ಪತ್ತು-ಇಪ್ಪತ್ತೆರಡು ಸೀಟು. ಕೆಲವು ವರ್ಷ ಅದರಲ್ಲಿ ಒಂದೂ ಖಾಲಿಯಾಗುವುದಿಲ್ಲ.

ಅಲ್ಲಿ ಭಾರತೀಯರಿಗೆ ಭಾರತೀಯರೇ ಸೀಟು ಕೊಟ್ಟಾರು ಎಂಬ ಆಸೆಯನ್ನೂ ನಾವು ಒಮ್ಮೆ ಕಂಡಾಗಿದೆ. ದಕ್ಷಿಣ ಕನ್ನಡ ಮೂಲದ ವಿಜಯ್ ಮಲ್ಯ, ಹರೆಯದಲ್ಲಿ ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ತಾವೇ ರೇಸ್ ಕಾರು ಓಡಿಸಿದವರು, 2008ರಿಂದ ಹತ್ತು ವರ್ಷ ಫೋರ್ಸ್ ಇಂಡಿಯಾ ತಂಡ ನಡೆಸಿದರು. ಕಾರಿನ ಮೈಮೇಲೆ ತ್ರಿವರ್ಣ ಇತ್ತು. ಒಳಗೆ ಕೂತು ರೇಸ್ ಓಡಿಸಿದವರಲ್ಲಿ ಒಬ್ಬನೂ ಭಾರತೀಯನಲ್ಲ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡಕ್ಕೆ, ಚೆನ್ನೈನ ಕರುಣ್ ಚಂದೋಕ್ 2010ರಲ್ಲಿ ಎಚ್‌ಆರ್‌ಟಿ ತಂಡಕ್ಕೆ ಓಡಿಸಿದರು. ಆ ಎರಡು ಹೆಸರಿಗೆ ಮೂರನೆಯದು ಇನ್ನೂ ಸೇರಿಲ್ಲ. ಇದರಲ್ಲಿ ಮಲ್ಯರನ್ನು ದೂರಿ ಫಲವಿಲ್ಲ. ತಂಡಕ್ಕೆ ಅಂಕ ಬೇಕು, ಅಂಕ ತಂದರೆ ದುಡ್ಡು ಬರುತ್ತದೆ, ದೇಶಾಭಿಮಾನಕ್ಕೆ ಅಲ್ಲಿ ಖಾತೆ ಇಲ್ಲ.

ಇನ್ನು ನಮ್ಮ ಊರಿನ ಮಾತು. ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮುಗಿಸಿ, ಶಾಲೆ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದೇ ಹುಡುಗ ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಐದು ವಿಕೆಟ್‌ಗಳನ್ನು ಆರು ರನ್‌ಗೆ ಕಿತ್ತರು. ಕೈಯಲ್ಲೊಂದು ಚೆಂಡು, ಪಾಸು, ಹಟ ಇದ್ದರೆ ಕ್ರಿಕೆಟ್ಟಿನ ಮೊದಲ ಮೆಟ್ಟಿಲು ಹತ್ತಬಹುದಿತ್ತು. ಕಾರ್ಟ್ ರೇಸಿಂಗ್ ಹಾಗಲ್ಲ. ಕಾರ್ಟು, ಎಂಜಿನ್, ಟೈರು, ಮೆಕ್ಯಾನಿಕ್, ಹೊತ್ತೊಯ್ಯಲು ವಾಹನ. ಎಲ್ಲಕ್ಕಿಂತ ಮೊದಲು ಒಂದು ಟ್ರ್ಯಾಕು. ಅವಳಿ ನಗರಕ್ಕೆ ಹತ್ತಿರದ ಹೆಸರಾಂತ ಕಾರ್ಟ್ ಟ್ರ್ಯಾಕು ಬೆಂಗಳೂರಿನಲ್ಲಿಲ್ಲ, ಗಡಿಯಾಚೆಯ ಕೊಲ್ಹಾಪುರದಲ್ಲಿದೆ: ಮೋಹಿತೆ ರೇಸಿಂಗ್ ಅಕಾಡೆಮಿ, ಹೆದ್ದಾರಿ ಹಿಡಿದರೆ ಸುಮಾರು 200 ಕಿ.ಮೀ. ರಾಷ್ಟ್ರೀಯ ರೋಟಾಕ್ಸ್ ಕಾರ್ಟ್ ಸರಣಿಯ ಸುತ್ತುಗಳು ಅಲ್ಲಿ ನಡೆದಿವೆ. ಕೊಲ್ಹಾಪುರದಂಥ, ನಮ್ಮ ಅವಳಿ ನಗರಕ್ಕಿಂತ ಚಿಕ್ಕ ಊರಿನಿಂದ ಧ್ರುವ್ ಮೋಹಿತೆ, ಚಿತ್ತೇಶ್ ಮಂಡೋಡಿ, ಬ್ರಿಟಿಷ್ ಫಾರ್ಮುಲಾ 3ರವರೆಗೆ ಹೋದ ಕೃಷ್ಣರಾಜ್ ಮಹಾಡಿಕ್ ಬಂದದ್ದು ಸುಮ್ಮನೆ ಅಲ್ಲ. ಟ್ರ್ಯಾಕು ಊರಿಗೆ ಬಂತು, ಹುಡುಗರು ಹತ್ತಿದರು. ಬೆಂಗಳೂರಿಗೆ ಹೆಣ್ಣೂರು-ಬಾಗಲೂರು ಕಡೆಯ ಮೆಕೋ ಕಾರ್ಟೋಪಿಯಾ ಇದೇ ಉಪಕಾರ ಮಾಡಿದೆ. 2020ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಪಡೆದ ಯಶ್ ಆರಾಧ್ಯ, ಈಚೆಗೆ ಭಾರತದ ಫಾರ್ಮುಲಾ 4ರಲ್ಲಿ ಓಡಿಸಿದ ರುಹಾನ್ ಆಳ್ವ ಬೆಂಗಳೂರಿನವರೇ.

ಕಾರ್ಟ್ ಆದ ಮೇಲಿನ ದಾರಿ ಭಾರತದಲ್ಲೇ ಸ್ವಲ್ಪ ದೂರ ಇದೆ, ಆದರೆ ಹೆಸರು ನೋಡಿ ಮೋಸ ಹೋಗಬಾರದು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಓಡುವ ‘ಎಲ್‌ಜಿಬಿ ಫಾರ್ಮುಲಾ 4’ ಬೇರೆ, ಎಫ್‌ಐಎ ಒಪ್ಪಿದ ಫಾರ್ಮುಲಾ 4 ಬೇರೆ. ಮೊದಲನೆಯದು ಮಾರುತಿ ಎಂಜಿನ್ನಿನ, ಗೇರು ಬದಲಿಸಲು ಕಲಿಸುವ ಅಗ್ಗದ, ಒಳ್ಳೆಯ ಶಾಲೆ. ಮಾರುತಿ 800ರ ಎಂಜಿನ್ ಹಾಕಿ ‘ಫಾರ್ಮುಲಾ ಮಾರುತಿ’ ಕಟ್ಟಿದ ಕರಿವರ್ಧನರ ನೆನಪಲ್ಲಿ ಆ ಟ್ರ್ಯಾಕಿಗೆ ಆ ಹೆಸರು. ಸೂಪರ್ ಲೈಸೆನ್ಸಿನ ಅಂಕ ಮಾತ್ರ ಅಲ್ಲಿ ಸಿಗುವುದಿಲ್ಲ. ಅಂಕ ಸಿಗುವ ಇಂಡಿಯನ್ ಫಾರ್ಮುಲಾ 4 ಶುರುವಾದದ್ದು 2023ರಲ್ಲಿ; 2024ರ ಆಗಸ್ಟ್ ಕೊನೆಗೆ ಚೆನ್ನೈನ ಐಲ್ಯಾಂಡ್ ಮೈದಾನದ ಸುತ್ತ ರಾತ್ರಿ ಹೊತ್ತು ಬೀದಿ ರೇಸನ್ನೂ ನಡೆಸಿತು.

ಮೊದಲು ಹೇಳಿದ ಇಪ್ಪತ್ತರ ಹುಡುಗನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಅದು ಸ್ಟೀರಿಂಗ್ ಕಡೆಯದಲ್ಲ ಅಷ್ಟೆ. ಪ್ರತಿ ಜನವರಿಯಲ್ಲಿ ಕರಿ ಸ್ಪೀಡ್‌ವೇಯಲ್ಲಿ ‘ಫಾರ್ಮುಲಾ ಭಾರತ್’ ಸ್ಪರ್ಧೆ ನಡೆಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ, ವೆಲ್ಡ್ ಮಾಡಿ ಕಟ್ಟಿದ ಸಿಂಗಲ್ ಸೀಟರನ್ನು ಅಲ್ಲಿಗೆ ತರುತ್ತಾರೆ. ಲೆಕ್ಕಪತ್ರ, ವಿನ್ಯಾಸದ ಸಮರ್ಥನೆ, ಬ್ರೇಕ್ ಪರೀಕ್ಷೆ ಎಲ್ಲ ಇರುತ್ತದೆ. ಕಾಲೇಜುಗಳು, ಗೋಕುಲ ರಸ್ತೆಯ ಲೇತ್‌ಗಳು, ಧಾರವಾಡದ ಬಸ್ ಕಾರ್ಖಾನೆ ಇರುವ ಊರಿಗೆ ಇದು ಹೊರಗಿನ ವಿದ್ಯೆಯೇನಲ್ಲ. ಅಥವಾ ರ್‍ಯಾಲಿ ಇದೆ: ಚಾಲಕನ ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವ ಸಹಚಾಲಕನಾಗಿ ಕಾಸರಗೋಡು ಕಡೆಯ ಮೂಸಾ ಷರೀಫ್ ದೇಶದಲ್ಲೇ ಹೆಸರು ಮಾಡಿದ್ದಾರೆ. ಸಂಬಳ, ವಯಸ್ಸು ಎರಡರ ಲೆಕ್ಕದಲ್ಲೂ ಇವು ಹೆಚ್ಚು ಉದಾರ.

ಮನೆಯಲ್ಲಿ ಏಳೆಂಟು ವರ್ಷದ ಮಗ ಅಥವಾ ಮಗಳು ಇದ್ದು, ಗಾಲಿ ಕಂಡರೆ ಬಿಡದ ಸ್ವಭಾವ ಇದ್ದರೆ, ಸಾಲ ಮಾಡಿ ಕಾರ್ಟ್ ಕೊಳ್ಳುವ ಮುಂಚೆ ಒಂದು ಭಾನುವಾರ ಕೊಲ್ಹಾಪುರಕ್ಕೋ ಬೆಂಗಳೂರಿಗೋ ಕರೆದೊಯ್ಯಿರಿ. ಮಕ್ಕಳಿಗೆ ಹೊಂದುವ ಕಾರ್ಟ್ ಬಾಡಿಗೆಗೆ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಸುತ್ತು ಮುಗಿದ ಮೇಲೆ ಪ್ರತಿ ಸುತ್ತಿನ ಸಮಯ ಅಚ್ಚಾದ ಚೀಟಿ ಕೈಗೆ ಬರುತ್ತದೆ. ಎಲ್ಲ ಅಪ್ಪಂದಿರೂ ಅದರಲ್ಲಿ ಅತಿ ವೇಗದ ಸುತ್ತು ಯಾವುದು ಎಂದು ಮೊದಲು ನೋಡುತ್ತಾರೆ. ನೀವು ಕೊನೆಯ ಐದಾರು ಸುತ್ತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಅವುಗಳ ನಡುವೆ ಎರಡು-ಮೂರು ಸೆಕೆಂಡು ಹೊಯ್ದಾಟ ಇದ್ದರೆ ಮಗುವಿಗೆ ಒಳ್ಳೆಯ ಆಟ ಆಯಿತು, ಊಟ ಮಾಡಿಸಿಕೊಂಡು ಊರಿಗೆ ಬನ್ನಿ. ಅರ್ಧ ಸೆಕೆಂಡಿನೊಳಗೇ ಎಲ್ಲ ಸುತ್ತೂ ಕೂತಿದ್ದರೆ, ಅಲ್ಲಿನ ತರಬೇತುದಾರರನ್ನು ಹುಡುಕಿ ಆ ಚೀಟಿ ತೋರಿಸಿ.